ಚಿಕ್ಕಮ್ಮನ ಮುಂಗಡ ಜಗಳಗಳು

ನನ್ನ ಚಿಕ್ಕಮ್ಮ ಒಂದು ದೇಶವಾಗಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಭೂಪಟದಲ್ಲಿ ನೆರೆಹೊರೆ ಎಂಬುದೇ ಉಳಿಯುತ್ತಿರಲಿಲ್ಲ. ಜಗತ್ತಿನ ಪುಣ್ಯ, ಅವಳು ಉಡುಪಿಯ ಹತ್ತಿರ ಹೆಣ್ಣಾಗಿ ಹುಟ್ಟಿ, ಮದುವೆಯಾಗಿ ಡೊಂಬಿವಿಲಿಗೆ ಬಂದು, ಸ್ಟೇಷನ್ನಿನ ಪೂರ್ವಕ್ಕೆ ಒಂದು ಹಳೆಯ ಕಟ್ಟಡದಲ್ಲಿ ಸಂಸಾರ ಹೂಡಿದಳು. ಆದ ನಷ್ಟವೆಲ್ಲ ಆ ಕಟ್ಟಡಕ್ಕೇ ಆಯಿತು. ನಾನು ಹೀಗೆಲ್ಲ ಬರೆಯುತ್ತಿರುವುದು ಅವಳಿಗೆ ಗೊತ್ತೇ? ನಾನು ಬರೆಯುವ ಮೊದಲೇ ಅವಳು ಫೋನ್ ಮಾಡಿ ಬೈದು ಮುಗಿಸಿದ್ದಾಳೆ!

ಅವಳದು ಒಂದೇ ಸಿದ್ಧಾಂತ. ಎದುರಿನವರು ಹೊಡೆಯುವ ಮೊದಲು ನಾವು ಹೊಡೆಯಬೇಕು. ಎದುರಿನವರಿಗೆ ಹೊಡೆಯುವ ಯೋಚನೆ ಇದೆಯೋ ಇಲ್ಲವೋ ಎಂಬುದು ಅವಳ ಲೆಕ್ಕದಲ್ಲಿ ಸಣ್ಣ ವಿಷಯ. ಒಮ್ಮೆ ಮೇಲಿನ ಮನೆಯವರು ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಲು ಶುರು ಮಾಡಿದರು. ಮೇಸ್ತ್ರಿ ಮೊದಲ ಸುತ್ತಿಗೆ ಏಟು ಹಾಕುವ ಹೊತ್ತಿಗೆ ಚಿಕ್ಕಮ್ಮ ಅವರ ಬಾಗಿಲಲ್ಲಿದ್ದಳು. ತನ್ನ ಸೀಲಿಂಗಿನಲ್ಲಿ ನೀರು ಸೋರುತ್ತಿದೆ ಎಂದು ದೊಡ್ಡ ಗಲಾಟೆ.

"ಮಾವಶಿ, ಇನ್ನೂ ನಲ್ಲಿಯನ್ನೇ ಜೋಡಿಸಿಲ್ಲ. ಸೋರುವುದೆಲ್ಲಿಂದ?" ಎಂದು ಆ ಮನೆಯಾಕೆ ಮರಾಠಿಯಲ್ಲಿ ಕೇಳಿದಳು.

"ಸೋರಿದ ಮೇಲೆ ಬಂದರೆ ನಿಮ್ಮ ಹತ್ತಿರ ಉತ್ತರ ರೆಡಿ ಇರ್ತದೆ. ಈಗ ಇಲ್ಲ, ನೋಡಿ," ಎಂದು ಹೇಳಿ ಚಿಕ್ಕಮ್ಮ ಕೆಳಗಿಳಿದು ಬಂದಳು.

ಚಿಕ್ಕಪ್ಪ ಮಾತ್ರ ಈ ಸಿದ್ಧಾಂತಕ್ಕೆ ಒಂದು ಮದ್ದು ಕಂಡುಹಿಡಿದಿದ್ದಾರೆ. ಚಿಕ್ಕಮ್ಮ ಅಡುಗೆಮನೆಯಿಂದ ಹೊರಗೆ ಕಾಲಿಡುತ್ತಲೇ "ತಪ್ಪಾಯಿತು" ಎಂದುಬಿಡುತ್ತಾರೆ. ಯಾವ ತಪ್ಪು ಎಂಬುದನ್ನು ಆಮೇಲೆ ಇಬ್ಬರೂ ಕೂತು ಹುಡುಕುತ್ತಾರೆ.

ಮಗಳ ಮದುವೆಯ ಕತೆಯನ್ನಂತೂ ನಮ್ಮ ಕುಟುಂಬದಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತೇವೆ. ಮದುವೆಗೆ ಒಂದು ತಿಂಗಳಿರುವಾಗ ಚಿಕ್ಕಮ್ಮ ಒಂದು ಬೆಳ್ಳಿಯ ಕುಂಕುಮದ ಭರಣಿಯ ನೆಪ ತೆಗೆದು ಮಗಳ ಜೊತೆ ಜಗಳವಾಡಿ ಮಾತು ಬಿಟ್ಟಳು. ಧಾರೆಯ ದಿನ ಕಲ್ಯಾಣ ಊರಿನ ಒಂದು ಛತ್ರದಲ್ಲಿ ಬೀಗರ ಕಡೆಯವರೂ ಸೇರಿ ಎಲ್ಲರೂ ಅತ್ತರು. ಫೋಟೋಗ್ರಾಫರನೂ ಕಣ್ಣೊರೆಸಿಕೊಂಡ. ಹೆತ್ತವಳು ಮಾತ್ರ ಒಣಗಣ್ಣಿನಲ್ಲಿ ನಿಂತು ಸಾಂಬಾರಿನ ಬಕೆಟು ಯಾವ ಸಾಲಿಗೆ ಹೋಗಬೇಕೆಂದು ಕೈ ತೋರಿಸುತ್ತಿದ್ದಳು. "ನಿನಗೆ ಅಳು ಬರಲಿಲ್ವಾ?" ಎಂದು ಕೇಳಿದೆ. "ನಂದು ಹೋದ ತಿಂಗಳೇ ಮುಗಿದಿದೆ," ಎಂದಳು.

ಇಂಥವಳಿಗೆ ಒಬ್ಬ ಗೆಳತಿ ಇದ್ದಳೆಂದರೆ ನೀವು ನಂಬಬೇಕು. ಹೆಸರು ನೀಲಕ್ಕ, ಊರು ಗದಗ, ಇರುವುದು ಕಲ್ಯಾಣದಲ್ಲಿ, ಕೆಲಸ ಠಾಣೆಯ ಒಂದು ಶಾಲೆಯ ಆಫೀಸಿನಲ್ಲಿ. ಚಿಕ್ಕಮ್ಮನ ಕೆಲಸ ತುರ್ಭೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಅವಳು ಠಾಣೆಯಲ್ಲಿಳಿದು ರೈಲು ಬದಲಿಸಬೇಕು. ನಾನೂ ಡೊಂಬಿವಿಲಿಯಲ್ಲೇ ಇರುವವಳು, ನನ್ನ ಕೆಲಸವೂ ಠಾಣೆಯಲ್ಲೇ ಇರುವುದರಿಂದ ಬೆಳಗಿನ ಸ್ಲೋ ಲೋಕಲ್‌ನಲ್ಲಿ ನಾನು ಇವರಿಬ್ಬರ ಪ್ರಜೆ. ರೈಲು ಹೊರಡುವುದು ಕಲ್ಯಾಣದಿಂದ. ನೀಲಕ್ಕ ಅಲ್ಲಿ ಹತ್ತಿ ಕಿಟಕಿಗೆ ಕೂತು ಪಕ್ಕದ ಸೀಟಿನ ಮೇಲೆ ತನ್ನ ಊಟದ ಡಬ್ಬಿಯ ಚೀಲ ಇಡುತ್ತಾಳೆ. ಡೊಂಬಿವಿಲಿಯಲ್ಲಿ ಜನ ನುಗ್ಗಿ ಬಂದಾಗ "ಆಕೀ ಬರ್ತಾಳ" ಎಂದು ಒಂದೇ ಮಾತು. ಲೇಡೀಸ್ ಡಬ್ಬಿಯಲ್ಲಿ ಹೀಗೆ ಸೀಟು ಹಿಡಿದುಕೊಡುವವರು ಸಿಗುವುದೆಂದರೆ ಗಂಡ ಒಳ್ಳೆಯವನು ಸಿಕ್ಕಿದ್ದಕ್ಕಿಂತ ದೊಡ್ಡ ಅದೃಷ್ಟ. ಎಷ್ಟೋ ವರ್ಷಗಳಿಂದ ಚಿಕ್ಕಮ್ಮ ಆ ಚೀಲವನ್ನೆತ್ತಿ ನೀಲಕ್ಕನ ತೊಡೆಯ ಮೇಲಿಟ್ಟು ಕೂರುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ರಾತ್ರಿಯ ಪಲ್ಯಕ್ಕೆ ಗೋರಿಕಾಯಿಯ ನಾರು ತೆಗೆಯುತ್ತಿದ್ದರು.

ಆಗ ಯುದ್ಧ ಬಂತು.

ಇಲ್ಲಿಗಲ್ಲ, ದೂರಕ್ಕೆ. ಒಂದು ದೇಶ ಇನ್ನೊಂದು ದೇಶದ ಮೇಲೆ, ಅದು ತನ್ನ ಮೇಲೆ ಬೀಳಲು ತಯಾರಾಗುತ್ತಿತ್ತು ಎಂದು ಹೇಳಿ, ತಾನೇ ಮೊದಲು ಬಾಂಬು ಹಾಕಿತು. ದೇಶಗಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಓದುವ ನೀವೇ ಎರಡು ಪಕ್ಷವಾಗಿ ನನ್ನ ಚಿಕ್ಕಮ್ಮನನ್ನು ಮರೆತುಬಿಡುತ್ತೀರಿ. ನಮ್ಮ ಡಬ್ಬಿಯಲ್ಲಿ ಆದದ್ದೂ ಅದೇ. ಎಡಗಡೆಯ ಕಿಟಕಿಯವರು ಹೊಡೆದದ್ದೇ ಸರಿ ಎಂದರು, ಬಲಗಡೆಯವರು ಅನ್ಯಾಯ ಎಂದರು. ಮೊದಲೆಲ್ಲ ಕೂತವರನ್ನು "ಎಲ್ಲಿ ಇಳೀತೀರಿ?" ಎಂದು ಕೇಳಿ, ಅವರು ಎದ್ದ ಮೇಲೆ ಆ ಸೀಟು ಯಾರದೆಂದು ನಂಬರು ಹಚ್ಚುತ್ತಿದ್ದೆವು. ಈಗ "ನೀವು ಯಾವ ಕಡೆ?" ಎಂದು ಕೇಳಿದ ಮೇಲೆಯೇ ಉಳಿದ ಮಾತು. ಕೋಪರ್‌ನಿಂದ ಕಳವಾದವರೆಗೆ ಕಂಬಿ ಹಿಡಿದು ನೇತಾಡುತ್ತಿದ್ದವರೂ ಕ್ಷಿಪಣಿಗಳ ಬಗ್ಗೆ ಖಚಿತವಾಗಿ ಮಾತಾಡುತ್ತಿದ್ದರು.

ಚಿಕ್ಕಮ್ಮನಿಗೆ ಹಬ್ಬವೋ ಹಬ್ಬ. ತನ್ನ ಜೀವಮಾನದ ಸಿದ್ಧಾಂತವನ್ನು ಒಂದು ಸರಕಾರವೇ ಒಪ್ಪಿಕೊಂಡಿದೆ!

"ನಾಯಿ ಕಚ್ಚುವವರೆಗೆ ಕಾಯುದಾ?" ಎಂದಳು.

"ನಾಯಿ ಮಲಗೇತಿ. ಕನಸಿನ್ಯಾಗ ಯಾರಿಗೊ ಕಚ್ಚಾಕತ್ತಿರಬೇಕು ಅಂತ ಹೊಡದ್ರ ಹ್ಯಾಂಗ?" ಎಂದಳು ನೀಲಕ್ಕ. ಅವಳ ದನಿ ಎಂದೂ ಏರುವುದಿಲ್ಲ. ಚಿಕ್ಕಮ್ಮನಿಗೆ ಅದೇ ದೊಡ್ಡ ಅನುಮಾನ.

"ಮಲಗಿದ್ದು ನಾಟಕ."

"ಹೊಡದು, ಮನಿ ಕೆಡವಿ, ಒಳಗ ಹುಡುಕಿದ ಮ್ಯಾಲೆ ಏನೂ ಸಿಗಲಿಲ್ಲಂದ್ರ?"

"ಸಿಗದಿದ್ದರೆ ಅಡಗಿಸಿದ್ದಾರೆ ಅಂತ ಅರ್ಥ."

"ಆ ಮನ್ಯಾಗ ಇದ್ದ ಮಂದಿ?"

ಚಿಕ್ಕಮ್ಮ ಗೋರಿಕಾಯಿಯೊಂದನ್ನು ನಾರು ತೆಗೆಯದೆಯೇ ಮುರಿದು ಹಾಕಿದಳು. ಎದುರು ಕೂತಿದ್ದ ಮರಾಠಿ ಕಾಕು, ಎರಡೂ ಪಕ್ಷಕ್ಕೆ ಸೇರದ ಏಕೈಕ ಹೆಂಗಸು, "ಆಧೀ ಭಾಜೀ ನಿವಡಾ" ಎಂದರು. ಮೊದಲು ತರಕಾರಿ ಹಸನು ಮಾಡಿ, ಯುದ್ಧ ಆಮೇಲೆ ಎಂದು ಅರ್ಥ. ಯಾರು ಕೇಳುತ್ತಾರೆ? ದಿನ ಕಳೆದಂತೆ ಮಾತು ಬೆಳೆಯಿತು. ಒಂದು ದಿನ ಮುಂಬ್ರಾದ ಹತ್ತಿರ ಚಿಕ್ಕಮ್ಮ ಇದ್ದಕ್ಕಿದ್ದಂತೆ, "ನಿನ್ನ ಹಾಗೆ ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತವರನ್ನು ನಂಬಲಿಕ್ಕಾಗುದಿಲ್ಲ. ಒಂದು ದಿನ ಹೇಳದೆ ಕೇಳದೆ ಎದ್ದು ಹೋಗ್ತಾರೆ," ಎಂದುಬಿಟ್ಟಳು. ನೀಲಕ್ಕನ ಮುಖ ಸಣ್ಣದಾಯಿತು. ಯುದ್ಧಕ್ಕೂ ಈ ಮಾತಿಗೂ ಏನು ಸಂಬಂಧವೆಂದು ನನಗೆ ಆಗ ತಿಳಿಯಲಿಲ್ಲ.

ಮರುದಿನ ಡೊಂಬಿವಿಲಿಯ ಪ್ಲಾಟ್‌ಫಾರ್ಮಿನಲ್ಲಿ ಚಿಕ್ಕಮ್ಮ ಇರಲಿಲ್ಲ. ರೈಲು ಬಂದಾಗ ನೋಡಿದರೆ ನೀಲಕ್ಕನ ಕಿಟಕಿಯಲ್ಲಿ ಚಿಕ್ಕಮ್ಮ ಕೂತಿದ್ದಾಳೆ! ನೀಲಕ್ಕ ಇನ್ನು ಸೀಟು ಹಿಡಿಯಲಿಕ್ಕಿಲ್ಲ ಎಂಬ ಗುಮಾನಿಯಿಂದ ಅವಳು ಬೇಗ ಎದ್ದು, ಕಲ್ಯಾಣದ ಕಡೆ ಹೋಗುವ ರೈಲಿನಲ್ಲಿ ಉಲ್ಟಾ ಹೋಗಿ, ಅದೇ ರೈಲು ತಿರುಗಿ ಹೊರಡುವಾಗ ಇಳಿಯದೆ ಕೂತಿದ್ದಳು. ನೀಲಕ್ಕನಿಗೆ ಸಿಕ್ಕಿದ್ದು ನಾಲ್ಕನೇ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಸೊಂಟ ಊರುವಷ್ಟು ಜಾಗ. ಅವಳು ಡಬ್ಬಿಯ ಚೀಲವನ್ನು ತನ್ನ ತೊಡೆಯ ಮೇಲೆ ತಾನೇ ಇಟ್ಟುಕೊಂಡಿದ್ದಳು. ಮಳೆಗಾಲವಿಡೀ ಹೀಗೇ ನಡೆಯಿತು. ಅಷ್ಟರಲ್ಲಿ ದೂರದ ಯುದ್ಧ ನಿಂತಿತ್ತು, ಇಲ್ಲಿಯದು ನಿಲ್ಲಲಿಲ್ಲ.

ನವರಾತ್ರಿ ಹತ್ತಿರ ಬಂತು. ದಸರಾದ ಹಿಂದಿನ ದಿನ ಲೋಕಲ್‌ಗಳಲ್ಲಿ ಡಬ್ಬಿಗೆ ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಕಂಬಿಗಳಿಗೆ ಚೆಂಡುಹೂವಿನ ಮಾಲೆ, ಕಿಟಕಿಗೆ ಕುಂಕುಮ, ಒಂದು ಆರತಿ ಹಾಡು, ಎಲ್ಲರಿಗೂ ಪೇಢೆ. ಪ್ರತಿ ವರ್ಷ ಹೂವು ಚಿಕ್ಕಮ್ಮನದು, ಆರತಿ ನೀಲಕ್ಕನದು. ಈ ಸಲ ನೀಲಕ್ಕ ಮತ್ತು ಕಾಕು ದಿನಾ ತಲೆಗೆ ತಲೆ ಕೊಟ್ಟು ಗುಸುಗುಸು ಶುರು ಮಾಡಿದರು. ಚಿಕ್ಕಮ್ಮ ನನ್ನನ್ನು ಬೇಹುಗಾರಿಕೆಗೆ ನೇಮಿಸಿದಳು. ಅವಳ ಸೇನೆಯ ಗುಪ್ತಭಾಷೆ ತುಳು.

"ಆಲ್ ದಾದ ಪಂಡಲ್?" ಅವಳು ಏನೆಂದಳು ಎಂದು ದಿನಾ ವಿಚಾರಣೆ.

ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು. "ತಿಲಾ ಸಾಂಗೂ ನಕಾ," ಎಂದು ನೀಲಕ್ಕ ಕಾಕುಗೆ ಹೇಳಿದ್ದಳು. ಅವಳಿಗೆ ಹೇಳಬೇಡಿ. ನಾನು ಅದನ್ನು ಹಾಗೆಯೇ ವರದಿ ಮಾಡಿದೆ.

"ಗೊತ್ತಿತ್ತು ನನಗೆ," ಎಂದಳು ಚಿಕ್ಕಮ್ಮ. ಬಲಗಡೆಯವರು ತನ್ನನ್ನು ಬಿಟ್ಟು ಬೇರೆ ಪೂಜೆ ಮಾಡುತ್ತಾರೆ ಎಂದು ತೀರ್ಮಾನಿಸಿದಳು. ಅದಕ್ಕೇನು ಮಾಡಬೇಕು? ಮೊದಲೇ ಹೊಡೆಯಬೇಕು. ಪೂಜೆಯ ದಿನಕ್ಕೆ ಒಂದು ದಿನ ಮೊದಲೇ ಅವಳು ಮೂರು ಚೀಲ ಚೆಂಡುಹೂವು ತಂದು ಡಬ್ಬಿಯನ್ನು ಮುಚ್ಚಿಬಿಟ್ಟಳು. ಹತ್ತಿದವರೆಲ್ಲ ಹಬ್ಬದ ಸೀರೆ ಉಡದೆ ಬಂದದ್ದಕ್ಕೆ ಗಾಬರಿಯಾಗಿ, ಇವತ್ತು ಯಾವ ವಾರವೆಂದು ಮೊಬೈಲು ತೆಗೆದು ನೋಡಿಕೊಂಡರು. ಆರತಿ ಹಾಡಲು ಬಾರದ ಚಿಕ್ಕಮ್ಮ ಚಪ್ಪಾಳೆ ತಟ್ಟಿ ಮುಗಿಸಿದಳು. ನೀಲಕ್ಕ ನಾಲ್ಕನೇ ಸೀಟಿನಿಂದ ನೋಡುತ್ತಿದ್ದಳು. ಕೊಟ್ಟ ಪೇಢೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಅದನ್ನು ನೋಡಿ ನನಗೇ ನಾಚಿಕೆಯಾಯಿತು. ಇಷ್ಟೆಲ್ಲ ಮಾಡಿದ ಚಿಕ್ಕಮ್ಮ ಒಂದು ಸಂಗತಿಯನ್ನು ಮರೆತಿದ್ದಳು. ಲೋಕಲ್ ರೈಲು ದಿನಾ ಅದೇ ಬರುವುದಿಲ್ಲ. ಅವಳ ಹೂವು ಹೊತ್ತ ಡಬ್ಬಿ ಮರುದಿನ ಕರ್ಜತ್ ಕಡೆಗೋ ಕಸಾರಾ ಕಡೆಗೋ ಯಾರ್ಯಾರನ್ನೋ ಹೊತ್ತು ಓಡುತ್ತಿತ್ತು.

ನಿಜವಾದ ಪೂಜೆಯ ದಿನ ಚಿಕ್ಕಮ್ಮ ಕಲ್ಯಾಣಕ್ಕೆ ಉಲ್ಟಾ ಹೋಗಲಿಲ್ಲ. ಗೆದ್ದವರಿಗೆ ಅವಸರವಿಲ್ಲವಂತೆ. ನನ್ನ ಜೊತೆ ಡೊಂಬಿವಿಲಿಯಲ್ಲೇ ನಿಂತಳು. ರೈಲು ಬಂತು. ಒಳಗೆ ನುಗ್ಗಿ ನೋಡಿದರೆ ಕಿಟಕಿಯ ಸೀಟು ಖಾಲಿ. ಅದರ ಮೇಲೆ ಡಬ್ಬಿಯ ಚೀಲ. ಪಕ್ಕದಲ್ಲಿ ನೀಲಕ್ಕ, ಹಬ್ಬದ ಇಳಕಲ್ ಸೀರೆ ಉಟ್ಟು, ಎಡಗೈಯಿಂದ ಚೀಲ ಒತ್ತಿಹಿಡಿದು, ಸುತ್ತ ನಿಂತ ಅರ್ಧ ಡಬ್ಬಿಯ ಬೈಗುಳ ಕೇಳಿಸಿಕೊಳ್ಳುತ್ತ ಕೂತಿದ್ದಳು.

"ಬಾ, ಕೂಡು," ಎಂದಳು.

ಚಿಕ್ಕಮ್ಮ ಅನುಮಾನದಿಂದಲೇ ಕೂತಳು. ಕಾಕು ನನ್ನ ಕಡೆ ಬಾಗಿ ವಿಷಯ ಹೇಳಿದರು. ಇದು ನೀಲಕ್ಕನ ಕೊನೆಯ ದಿನ. ಅವಳ ಮಗಳು ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಮನೆ ಮಾಡಿದ್ದಾಳೆ, ಹೆರಿಗೆ ಹತ್ತಿರವಿದೆ, ನೀಲಕ್ಕ ಇನ್ನು ಅಲ್ಲಿಯೇ ಇರುತ್ತಾಳೆ. ಅಲ್ಲಿಂದ ಶಾಲೆಗೆ ಬಸ್ಸು. ಇನ್ನು ರೈಲಿಲ್ಲ.

"ಮತ್ತೆ ಇವಳಿಗೆ ಯಾಕೆ ಹೇಳಲಿಲ್ಲ?" ಎಂದು ನಾನು ನೀಲಕ್ಕನನ್ನು ಕೇಳಿದೆ.

"ಹೇಳಿದ್ರ ನಾ ಹೋಗೂಕಿಂತ ಮೊದಲ ಆಕೀನ ಜಗಳಾ ತಗದು ಮಾತು ಬಿಡ್ತಾಳ. ಆಕೀ ಮಗಳ ಮದುವ್ಯಾಗ ನೋಡೀನಿ. ಕಡೀ ದಿನದ ಮಟಾ ಬಾಜೂಕ ಕೂತು ಹೋಗೋಣು ಅಂತ ಆಸೆ ಇತ್ತು ನನಗ."

ಚಿಕ್ಕಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ದಿವಾ ದಾಟಿತು.

"ಹೇಳದಿದ್ದರೆ ನನಗೆ ಗೊತ್ತಾಗುದಿಲ್ಲ ಅಂತ ಮಾಡಿದ್ದಿಯಾ?" ಎಂದಳು ಕೊನೆಗೆ. "ಮಳೆ ಶುರುವಾಗುವ ಮೊದಲೇ ನೀನು ಘೋಡಬಂದರಿಂದ ಠಾಣೆ ಸ್ಟೇಷನ್ನಿಗೆ ಬೆಳಗ್ಗೆ ಬಸ್ಸು ಎಷ್ಟು ಹೊತ್ತಿಗೊಂದು ಅಂತ ಯಾರ ಹತ್ರವೋ ಕೇಳ್ತಿದ್ದೆ. ಮಗಳನ್ನು ನೋಡಿ ಬರುವವಳಿಗೆ ಬೆಳಗ್ಗಿನ ಬಸ್ಸು ಎಂತಕ್ಕೆ? ಆವತ್ತೇ ಗೊತ್ತಾಯ್ತು ನನಗೆ."

"ಅಂದ್ರ ಆ ಜಗಳಾ?"

"ಯುದ್ಧ ಅದರ ಪಾಡಿಗೆ ಬಂತು. ನನಗೆ ಒಂದು ಜಗಳ ಬೇಕಿತ್ತು." ಮೂಗು ಒರೆಸಿಕೊಂಡಳು. "ಯುದ್ಧದ ವಿಷಯದಲ್ಲಿ ನಾನು ಹೇಳಿದ್ದೇ ಸರಿ, ಅದು ಬೇರೆ. ಆದರೆ ಮೊದಲು ಹೊಡೆದರೆ ನಮಗೆ ನೋವಾಗುದಿಲ್ಲ ಅಂತ ಮಾಡಿದ್ದೆ ಮಾರಾಯ್ತಿ. ಆಗ್ತದೆ."

ಮಗಳನ್ನು ಧಾರೆ ಎರೆಯುವಾಗ ಬಾರದ ಅಳು ಅವಳಿಗೆ ಕಳವಾ ಬರುವ ಮೊದಲೇ ಬಂತು, ಅದೂ ಜನಜಂಗುಳಿಯ ನಡುವೆ, ದನಿ ತೆಗೆದು. ನೀಲಕ್ಕ ಸೆರಗಿನ ತುದಿ ಬಿಚ್ಚಿ ನಿನ್ನೆಯ ಪೇಢೆ ತೆಗೆದಳು. ಅದನ್ನು ಮುರಿದು ಅರ್ಧ ಚಿಕ್ಕಮ್ಮನ ಬಾಯಿಗಿಟ್ಟು, "ಆ ಮನ್ಯಾಗ ಇದ್ದ ಮಂದಿ ಅಂತ ನಾ ಆವತ್ತ ಕೇಳಿದ್ದು ಇದನ್ನ," ಎಂದಳು. ಆಮೇಲೆ ಆರತಿ ಹಾಡಿದಳು. ಎಡಗಡೆಯವರೂ ಬಲಗಡೆಯವರೂ ಚಪ್ಪಾಳೆ ತಟ್ಟಿದರು. ಠಾಣೆಯಲ್ಲಿ ಇಬ್ಬರೂ ಎಷ್ಟು ನಿಧಾನ ಇಳಿದರೆಂದರೆ ಹಿಂದಿನಿಂದ ಮರಾಠಿ, ಹಿಂದಿ, ಗುಜರಾತಿಗಳಲ್ಲಿ ಬೈಗುಳ ಬಿತ್ತು.

ಹಬ್ಬ ಮುಗಿದ ಸೋಮವಾರ ನಾನು ಇನ್ನೂ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದೆ, ಫೋನ್ ಬಂತು.

"ಕಲ್ಯಾಣದಿಂದ ಮಾತಾಡ್ತಿದ್ದೇನೆ. ನಿನಗೆ ಸೀಟು ಹಿಡಿದಿದ್ದೇನೆ, ಚೀಲ ಇಟ್ಟಿದ್ದೇನೆ. ಜನ ಬೈತಾ ಇದ್ದಾರೆ, ಬೇಗ ಹತ್ತು," ಎಂದಳು ಚಿಕ್ಕಮ್ಮ. ನಾನು ಏನಾದರೂ ಹೇಳುವ ಮೊದಲೇ ಅವಳ ದನಿ ಗಡುಸಾಯಿತು.

"ಮತ್ತೆ ನೋಡು, ನೀನೂ ಎಲ್ಲಿಗಾದರೂ ಹೋಗುದಿದ್ದರೆ ಈಗಲೇ ಹೇಳು. ಜಗಳ ಮಾಡ್ಲಿಕ್ಕೆ ನನಗೆ ಸ್ವಲ್ಪ ಟೈಮ್ ಬೇಕು."