ನಮ್ಮ ಯಜಮಾನರ ಕಡಲೇಕಾಯಿ ವ್ಯಾಯಾಮ

ನಮ್ಮ ದೊಡ್ಡೇರಿಯ ದೊಡ್ಡ ಕಾಯಿಲೆ ಲಕ್ವ ಅಲ್ಲ ಸ್ವಾಮಿ, ಕಡಲೇಕಾಯಿ. ರಾಶಿ ಕಂಡರೆ ಸಾಕು, ಇಲ್ಲಿಯವರ ಕೈ ಸುಮ್ಮನಿರುವುದಿಲ್ಲ.

ಯುಗಾದಿ ಕಳೆದ ಮೇಲೆ ನಮ್ಮ ಯಜಮಾನರು ಗಂಗಾಧರಯ್ಯನವರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಅಂಥವರ ಮನೆಗೇ ಬಂದು ವ್ಯಾಯಾಮ ಮಾಡಿಸುವ ತಂಡವೊಂದು ಮಧುಗಿರಿಯಲ್ಲಿದೆ. ಅಲ್ಲಿಂದ ಯಶಸ್ವಿನಿ ಎಂಬ ಹುಡುಗಿ ವಾರಕ್ಕೊಮ್ಮೆ ಸ್ಕೂಟಿಯಲ್ಲಿ ಬರುತ್ತಾಳೆ. ರಬ್ಬರ್ ಚೆಂಡು ಹಿಚುಕಿ ಎಂದಳು. ಇವರು "ನಾನೇನ್ ಕೂಸಾ?" ಎಂದು ಮುಖ ತಿರುಗಿಸಿದರು. ಹಾಗಾದರೆ ಬಲಗೈಯಲ್ಲೇ ಎತ್ತಿ ಎತ್ತಿ ಕಡಲೇಕಾಯಿ ಸುಲಿಯಲಿ ಎಂದು ಅಪ್ಪಣೆಯಾಯಿತು. ಅದಕ್ಕೆ ಒಪ್ಪಿದರು. ಹಾಸಿಗೆಯ ಪಕ್ಕದಲ್ಲೇ ಒಂದು ರಾಶಿ ಸುರಿದೆ. ಸ್ವಂತ ಬಲಗೈಯಲ್ಲಿ ಮುದ್ದೆ ಮುರಿಯುವವರೆಗೂ ಯಾವ ಪಂಕ್ತಿಯಲ್ಲೂ ಕೂರುವುದಿಲ್ಲ ಎಂದು ಈ ಮಹಾನುಭಾವರು ಶಪಥ ಬೇರೆ ಮಾಡಿದ್ದರು. (ಮಗಳ ಸೀಮಂತ ಹತ್ತಿರ ಬರುತ್ತಿತ್ತು. ನನ್ನ ಸಂಕಟ ಯಾರಿಗೆ ಹೇಳಲಿ?)

ಆದರೆ ಸುಲಿಯಲು ಬಿಟ್ಟರೆ ತಾನೇ! ರೋಗಿಯನ್ನು ನೋಡಲು ಬಂದವರೆಲ್ಲ ಬ್ರೆಡ್ಡು, ಮೂಸಂಬಿ ಕೆಳಗಿಟ್ಟು ರಾಶಿಯ ಮುಂದೆ ಕೂತುಬಿಡುತ್ತಿದ್ದರು. "ಹೆಂಗಿದ್ದೀಯಪ್ಪಾ?" ಎನ್ನುವಷ್ಟರಲ್ಲಿ ಒಂದು ಬೊಗಸೆ ಸುಲಿದು ಬುಟ್ಟಿಗೆ ಬಿದ್ದಿರುತ್ತಿತ್ತು. ಪಕ್ಕದ ಮನೆ ದಾಸಮ್ಮನಂತೂ ದಿನಾ ಹಾಜರು.

"ದಾಸಮ್ಮಾ, ಅದು ಅವ್ರ ಔಸ್ದಿ ಕಣೇ, ಮುಟ್ಬ್ಯಾಡ!"

"ಅಯ್ಯೋ, ಕೈ ತಾನೇ ಓಗ್ಬುಡ್ತದೆ ಕಣಕ್ಕಾ. ಸುಮ್ಕೆ ಹೆಂಗ್ ಕುಂತ್ಕಳದು?"

ಇವರೋ ದಿಂಬಿಗೆ ಒರಗಿಕೊಂಡು ಬಂದವರ ಮುಂದೆ ರಾಶಿಯನ್ನು ಎಡಗೈಯಿಂದ ಸರಿಸುವವರು!

ಗುರುವಾರ ಯಶಸ್ವಿನಿ ಬಂದು ಬುಟ್ಟಿ ತುಂಬ ಬೀಜ ಕಂಡಳು. "ಸೂಪರ್ ಅಂಕಲ್! ಎಲ್ಲಾ ನೀವೇನಾ?" ಇವರು ವಿನಯದಿಂದ ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ರಾಶಿಯ ಪಕ್ಕದಲ್ಲೇ ಕುಕ್ಕರಿಸಿ ಊರಿನವರ ಜಾತಕ ಬಿಚ್ಚಿದೆ.

"ಒಬ್ರಾದ್ರೂ ಕೈ ಕಟ್ಕಂಡು ಕೂರಲ್ವಲ್ಲಮ್ಮ! ಇವ್ರ ಕೈ ಹಿಂಗೇ ಉಳ್ಕಂಡ್ರೆ ಸೀಮಂತದ ದಿನ ನನ್ ಮಗ್ಳು ಅಪ್ಪನ್ನ ಹುಡುಕ್ಬೇಕಾ?" ಎನ್ನುವಾಗ ಕಣ್ಣಲ್ಲಿ ನೀರೇ ಬಂತು.

ಯಶಸ್ವಿನಿ ನನ್ನ ಮಡಿಲನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಮಡಿಲ ತುಂಬ ಸಿಪ್ಪೆ!

ನಾಚಿಕೆಯಿಂದ ಹಿಡಿಯಷ್ಟಾದೆ. ಆದರೆ ನನ್ನ ಕೈಗೆ ನಾಚಿಕೆಯೆಲ್ಲಿ? ಅದು ಆಗಲೇ ಇನ್ನೊಂದು ಕಾಯಿಗೆ ಹೋಗಿತ್ತು. ಕೈ ಮೇಲೆ ಒಂದು ಏಟು ಬಿತ್ತು. ಮೆತ್ತಗಿನ ಏಟೇ, ಆದರೆ ಹೊಡೆದದ್ದು ಬಲಗೈ!

"ಬುಡೇ, ಅದು ನಂದು!" ಎಂದರು ಯಜಮಾನರು.

ಯಶಸ್ವಿನಿ ಕುಣಿದಾಡಿದಳು. "ಆಂಟಿ, ಎಷ್ಟ್ ಚೆನ್ನಾಗ್ ಕೈ ಎತ್ತುದ್ರು! ಬೆಳಿಗ್ಗೆ ಸಾಯಂಕಾಲ ಇದನ್ನೇ ಮಾಡ್ಸಿ."

ಈಗ ಎರಡು ಹೊತ್ತೂ ನಾನು ರಾಶಿಗೆ ಕೈ ಹಾಕಬೇಕು, ಅವರು ಹೊಡೆಯಬೇಕು. ನಿನ್ನೆಯ ಏಟು ಚುರ್ರೆಂದಿತು. ಸೀಮಂತದಲ್ಲಿ ಮುದ್ದೆ ಮುರಿಯುವುದು ಖಂಡಿತ. ನನಗೆ ಹಿಗ್ಗೋ ಹಿಗ್ಗು, ಕೈ ಮಾತ್ರ ಕೆಂಪು.

"ಇವತ್ತೊಂದಿನ ನೀನ್ ಕೈ ಹಾಕೇ ದಾಸಮ್ಮ" ಎಂದು ಕರೆದೆ. ಅವಳು ಬಾಗಿಲಲ್ಲೇ ಕೈ ಕಟ್ಟಿಕೊಂಡು ನಿಂತಳು.

"ಬ್ಯಾಡ ಕಣಕ್ಕಾ. ಅದು ಔಸ್ದಿ, ಮುಟ್ಬಾರ್ದು."