ಮುಡಬಿಯ ಅಳುವ ತಂಡ

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಗಂಡಸರ ದುಃಖವನ್ನು ಪರಿಶೀಲಿಸಿ ಆಟದ ಸಾಮಾನು ಮಂಜೂರು ಮಾಡುವ ಅಧಿಕಾರ ಹುಮನಾಬಾದಿನ ಮನೋಲ್ಲಾಸ ಕ್ರೀಡಾ ಮಂಡಳಿಗೆ ಮಾತ್ರ ಇತ್ತು. ಹೆಂಗಸರ ದುಃಖ ಮಂಡಳಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅದು ಮನೆಗೆಲಸದಲ್ಲೇ ಸೇರಿತ್ತು.

ಮುಡಬಿಯ ಭಾಗಮ್ಮನಿಗೆ ಒಂದು ವಾಲಿಬಾಲ್ ಬೇಕಾಗಿತ್ತು. ಅವಳ ಗಂಡ ವೈಜನಾಥ, ಅಣ್ಣ ತೀರಿಕೊಂಡಾಗಿನಿಂದ ಮನೆಯಲ್ಲಿ ಮಾತು ನಿಲ್ಲಿಸಿದ್ದ. ರೊಟ್ಟಿ ಹಾಕಲೇ ಅಂದರೆ ತಾಟು ಮುಂದೆ ತಳ್ಳುವನು, ಸಾಕೇ ಅಂದರೆ ಹಿಂದೆ ಎಳೆಯುವನು. ಸಂಜೆ ಗುಡಿ ಹಿಂದಿನ ಬಯಲಿನಲ್ಲಿ ಚೆಂಡಾಡುವಾಗ ಮಾತ್ರ ಅವನ ಬಾಯಿಂದ "ಹೊಡಿ", "ಬಿಡು" ಎಂಬ ಮಾತುಗಳು ಬರುತ್ತಿದ್ದವು. ಭಾಗಮ್ಮ ಗೋಡೆ ಮರೆಗೆ ನಿಂತು ಅವನ್ನು ಕೇಳಿಸಿಕೊಂಡು ಬರುವಳು. ಚೆಂಡು ಜಾಲಿಮುಳ್ಳಿಗೆ ಬಿದ್ದು ಒಡೆದ ಮೇಲೆ ಅವೂ ಹೋದವು.

ತಂಡದ ಕ್ಯಾಪ್ಟನ್ ಅಲ್ಲಾಬಕ್ಷನಿಂದ ಅವಳು ಅರ್ಜಿ ಹಾಕಿಸಿದಳು. ತಪಾಸಣೆಗೆ ಮಂಡಳಿಯ ದತ್ತಾತ್ರಿ ಸಾಹೇಬರು ಬಂದರು. ಊರಿಗೆ ಬಂದ ಅತಿಥಿಯೆಂದು ಆಟಗಾರರೆಲ್ಲ ನಗುನಗುತ್ತ ಚಹಾ ಕೊಟ್ಟರು. ಅಲ್ಲೇ ತಪ್ಪಾಯಿತು. ನಗುವವರಿಗೆ ಅನುದಾನವಿಲ್ಲ ಎಂದರು ಸಾಹೇಬರು. ಭಾಗಮ್ಮ ಗಂಡನನ್ನು ಕೈಹಿಡಿದು ಮುಂದೆ ನಿಲ್ಲಿಸಿದಳು.

"ನಮ್ಮ ಮನಿಯವರು ಮಾತೇ ಆಡವಲ್ರು ನೋಡ್ರಿ ಸಾಹೇಬ್ರ."

"ಮಾತಾಡದಿದ್ರ ಅದು ಶಾಂತಿ, ತಾಯಿ. ಕಣ್ಣಾಗ ನೀರು ಬಂದ್ರಷ್ಟೇ ದುಃಖ. ಅಮಾಸಿಗೆ ಮತ್ತ ಬರ್ತೀನಿ, ಎಲ್ಲಾರೂ ಅಳಾಕತ್ತಿರಬೇಕು."

ಷರತ್ತು ನ್ಯಾಯವಾದದ್ದೇ. ಆದರೆ ಮುಡಬಿಯ ಗಂಡಸರಿಗೆ ಅಳಲು ಬರುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಸತ್ತವರ ಒಂದೊಂದೇ ಗುಣ ಎತ್ತಿ ರಾಗವಾಗಿ ಅಳುವುದು ಹೆಂಗಸರ ಪಾಲು; ಕುಣಿ ತೋಡುವುದು, ಬೀಡಿ ಸೇದುವುದು ಗಂಡಸರದು. ಹೀಗಾಗಿ ಭಾಗಮ್ಮನೇ ಕಲಿಸಲು ನಿಂತಳು. ಯಾರ ಗುಣ ಎತ್ತಬೇಕೆಂಬ ಪ್ರಶ್ನೆ ಬಂತು. ಬದುಕಿದ್ದವರ ಹೆಸರು ಹಿಡಿದು ಅಳುವುದು ಅಪಶಕುನ. ಆದ್ದರಿಂದ ಒಡೆದ ಚೆಂಡನ್ನೇ ಬಯಲಿನ ನಡುವೆ ಚಾಪೆಯ ಮೇಲೆ ಮಲಗಿಸಲಾಯಿತು.

"ಎಷ್ಟು ದುಂಡಗಿದ್ದೆಲ್ಲೋ ನನ್ನಪ್ಪಾ," ಎಂದು ಅಲ್ಲಾಬಕ್ಷ ರಾಗ ಎತ್ತಿದ.

"ಯಾರು ಹೊಡೆದ್ರೂ ಎದುರು ಮಾತಾಡಲಿಲ್ಲಲ್ಲೋ," ಎಂದು ಅಂಗಡಿ ಪಂಡರಿ ಕಾಕಾ ಸೇರಿಸಿದ.

"ದನಿ ಎಳೀರಿ ಕಾಕಾ. ಸಂತ್ಯಾಗ ಬದನಿಕಾಯಿ ಮಾರಿದಂಗ ಆಗ್ಯಾದ," ಎಂದು ಭಾಗಮ್ಮ ತಿದ್ದಿದಳು.

ವೈಜನಾಥ ಮಾತ್ರ ಚಾಪೆಯ ಅಂಚಿಗೆ ಒಣಗಣ್ಣಿನಲ್ಲಿ ಕೂತಿದ್ದ.

ಅಮಾವಾಸ್ಯೆಗೆ ಬಂದ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು; ಒಣಗಣ್ಣಿನ ವೈಜನಾಥ ಅವರಿಗೆ ಕಾಣಲೇ ಇಲ್ಲ. ಇಷ್ಟು ಒಪ್ಪವಾಗಿ ಅಳುವವರಿಗೆ ಬೇರೆ ಆಟ ಏತಕ್ಕೆಂದು ಅವರಿಗೆ ಅನ್ನಿಸಿತು. ಮಂಡಳಿ ಪ್ರಕಟಣೆ ಹೊರಡಿಸಿತು: "ಸಾಮೂಹಿಕ ಅಳುವಿಕೆಯನ್ನು ಈ ಮೂಲಕ ಮೈದಾನದ ಆಟವೆಂದು ಮಾನ್ಯ ಮಾಡಲಾಗಿದೆ. ಕಣ್ಣೀರು ಸೀಟಿಯೊಂದಿಗೆ ಆರಂಭವಾಗಿ ಸೀಟಿಯೊಂದಿಗೆ ಮುಗಿಯತಕ್ಕದ್ದು. ಎದುರಾಳಿಯನ್ನು ಸಮಾಧಾನಪಡಿಸುವುದು ಫೌಲ್. ಈ ಆಟಕ್ಕೆ ಚೆಂಡಿನ ಅಗತ್ಯ ಇರುವುದಿಲ್ಲ."

ಅನುದಾನ ಬಿಡುಗಡೆಯಾಯಿತು. ಶಾಮಿಯಾನ ಸಾಹೇಬರ ಭಾವಮೈದುನನದು, ಟವೆಲ್ಲು ಸಡ್ಡಕನದು. ಟವೆಲ್ಲು ನೀರು ಹೀರುತ್ತಿರಲಿಲ್ಲ. ಕಣ್ಣೀರು ಅಂಪೈರಿಗೆ ಸ್ಪಷ್ಟ ಕಾಣಲೆಂದೇ ಹಾಗೆ ನೇಯಿಸಲಾಗಿದೆ ಎಂದು ವಿವರಣೆ ಬಂತು. ಎಲ್ಲರೂ ಮೆಚ್ಚಿದರು.

ಹುಮನಾಬಾದಿನಲ್ಲಿ ನಡೆದ ಅಳುವ ಪಂದ್ಯಾವಳಿಯ ಫೈನಲಿನಲ್ಲಿ ಬಸವಕಲ್ಯಾಣ ತಾಲ್ಲೂಕಿನ ಪರ ಮುಡಬಿ, ಹುಮನಾಬಾದ್ ತಾಲ್ಲೂಕಿನ ಪರ ಮನ್ನಾಏಖೇಳ್ಳಿ ಎದುರಾದವು. ಮನ್ನಾಏಖೇಳ್ಳಿಯವರು ರದ್ದಾದ ಒಂದು ಬಸ್ಸಿನ ಗುಣಗಳನ್ನು ಎತ್ತಿ ಅಳುತ್ತಿದ್ದರು. ಚೆಂಡಿನ ಗುಣಗಳ ಬಲದಿಂದ ಮುಡಬಿ ಮುಂದಿತ್ತು. ಆಗ ವೈಜನಾಥ ಬಾಯಿ ತೆರೆದ.

"ಹೆಗಲ ಮ್ಯಾಲ ಕೂಡಿಸ್ಕೊಂಡು ನನಗ ಕಲ್ಯಾಣ ತೋರಿಸಿದ್ದೆಲ್ಲೋ ಅಣ್ಣಾ. ನಿನಗ ಹೆಗಲು ಕೊಡುವಾಗ ನನಗ ಅಳಾಕ ಬರಲಿಲ್ಲಲ್ಲೋ."

ಭಾಗಮ್ಮ ಶಾಮಿಯಾನದ ಕಂಬ ಹಿಡಿದುಕೊಂಡಳು. ಅವಧಿ ಮುಗಿದ ಸೀಟಿ ಮೊಳಗಿತು, ವೈಜನಾಥ ನಿಲ್ಲಿಸಲಿಲ್ಲ. ಮತ್ತೆ ಮೊಳಗಿತು, ನಿಲ್ಲಿಸಲಿಲ್ಲ. ಅವಧಿ ಮೀರಿದ ದುಃಖದ ಕಾರಣಕ್ಕೆ ಮುಡಬಿ ಸೋತಿದೆಯೆಂದು ಅಂಪೈರ್ ಘೋಷಿಸಿದ.

ಊರಿಗೆ ಮರಳುವ ಟೆಂಪೋ ಹುಮನಾಬಾದ್ ದಾಟಿತು. ಆಮೇಲೆ ವೈಜನಾಥ ಹೆಂಡತಿಯ ಕಡೆ ತಿರುಗಿದ.

"ಅಳುವಾಗ ಯಾರಿಗೆ ಸೀಟಿ ಕೇಳಸ್ತದ? ಆ ಅಂಪೈರ್ ಮನ್ನಾಏಖೇಳ್ಳಿ ಅಳಿಯ ಅದಾನ, ಮುಖ ನೋಡಿದ್ರೇ ಗೊತ್ತಾಗ್ತದ."

ಅವನ ಮಾತು ಮುಡಬಿ ಬಂದರೂ ಮುಗಿಯಲಿಲ್ಲ, ಊಟಕ್ಕೆ ಕೂತರೂ ಮುಗಿಯಲಿಲ್ಲ. ಭಾಗಮ್ಮ ರೊಟ್ಟಿ ಬಡಿಯುತ್ತ ಬಡಿಯುತ್ತ ಆ ಅಂಪೈರನ ಅತ್ತೆಮನೆಯವರನ್ನೆಲ್ಲ ಬೈದು ಗಂಡನಿಗೆ ಒತ್ತಾಸೆ ಕೊಟ್ಟಳು.

ಮರುದಿನ ಹಿರಿಯರು ಕಟ್ಟೆಯಲ್ಲಿ ಕೂಡಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಅಂಪೈರ್ ಅಳಿಯನೇ ಹೌದೆಂದು ತೀರ್ಮಾನಿಸಿದರು. ಸೀಟಿಗೆ ಸರಿಯಾಗಿ ಅಳು ನಿಲ್ಲಿಸುವ ತಾಲೀಮು ಅಂದು ಸಂಜೆಯಿಂದಲೇ ಆರಂಭವಾಯಿತು.