ಅಕ್ಕಿ ತುಂಬಿದ ಹಾಸಿಗೆ

ಕಡಿಮೆ ಖರ್ಚಿನಲ್ಲಿ ಮನೆ ನಡೆಸುವ ವಿದ್ಯೆಯಲ್ಲಿ ಇಡೀ ಕುಮಟೆಯಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಂಬಲು ಕಾರಣವೂ ಇತ್ತು. ಯಜಮಾನರು ತೀರಿಕೊಂಡಾಗ ಮಗಳು ಸುಮತಿಗೆ ಮೂರು ವರ್ಷ. ಅವಳಿಗೆ ಎಂಟು ತುಂಬುವವರೆಗೂ ಪ್ರಾಥಮಿಕ ಶಾಲೆಯ ಅಕ್ಕೋರಾಗಿ ಪಾಠ ಹೇಳಿ ಪಡೆದ ಸಂಬಳದಲ್ಲೇ, ಯಾರ ಮುಂದೂ ಕೈಚಾಚದೆ ದಿನ ದೂಡಿದ್ದೆ. ಒಂದು ತೆಂಗಿನಕಾಯಿಯನ್ನು ಮೂರು ದಿನಕ್ಕೆ ಹಂಚುತ್ತಿದ್ದೆ. ಹುಣಸೆಹಣ್ಣನ್ನು ಎರಡು ಸಲ ಕಿವುಚುತ್ತಿದ್ದೆ. ಬೆಳಿಗ್ಗೆ ಪಕ್ಕದ ಮನೆಯ ಶಾಂತಾಬಾಯಿಯವರ ಒಲೆಯಿಂದ ಕೆಂಡ ತರುತ್ತಿದ್ದರಿಂದ ನಮ್ಮ ಮನೆಯ ಬೆಂಕಿಪೆಟ್ಟಿಗೆ ಖರ್ಚಾಗುವ ಮೊದಲೇ ಹಳತಾಗಿ ಹೋಗುತ್ತಿತ್ತು.

ಆದರೆ ಅರವತ್ತರ ದಶಕದ ನಡುವೆ ಅಕ್ಕಿಗೇ ತತ್ವಾರ ಬಂತು. ಕೊಬ್ಬರಿ ಇಲ್ಲದೆ ಸಾರು ಮಾಡಬಹುದು, ಅಕ್ಕಿ ಇಲ್ಲದೆ ಗಂಜಿ ಮಾಡುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ರೇಶನ್ ಅಂಗಡಿಯ ಅಕ್ಕಿ ವಾರದಲ್ಲಿ ನಾಲ್ಕು ದಿನಕ್ಕೆ ಸಾಕಾಗುತ್ತಿತ್ತು. ಅದರೊಳಗಿನ ಕಲ್ಲು ಆರಿಸಿ ತೆಗೆದರೆ ಮೂರು ದಿನಕ್ಕೆ. ಪೇಟೆಯ ಅಂಗಡಿಯಲ್ಲಿ ದರ ಕೇಳಿ ಚೀಲ ಮಡಚಿಕೊಂಡು ವಾಪಸು ಬರುತ್ತಿದ್ದೆ. ಸುಮತಿ ಬೆಳೆಯುವ ಹುಡುಗಿ. ತಟ್ಟೆ ಖಾಲಿ ಮಾಡಿ ನನ್ನ ಮುಖ ನೋಡುವಳು, ಇನ್ನಷ್ಟು ಬೇಕು ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳಿದ್ದರೆ ಬೈದಾದರೂ ಬಿಡುತ್ತಿದ್ದೆ. ಅವಳು ಕೇಳದೆ ಇದ್ದುದೇ ನನಗೆ ತಡೆಯಲಾರದ್ದಾಯಿತು.

ಬೇಸಿಗೆ ರಜೆಯಲ್ಲಿ ಭಟ್ಕಳದ ಬದಿಯ ಶಿರಾಲಿಗೆ, ನನ್ನ ಅಕ್ಕನ ಮನೆಗೆ ಹೋದೆವು. ಅವರದು ಗದ್ದೆ ಬೇಸಾಯ. ಹೊರಡುವ ಎರಡು ದಿನ ಮೊದಲು ಅಕ್ಕ ಇಪ್ಪತ್ತು ಸೇರು ಕುಚ್ಚಲಕ್ಕಿ ಅಳೆದು ಚೀಲಕ್ಕೆ ಹಾಕಿ, ಮಳೆಗಾಲಕ್ಕೆ ಇರಲಿ ಎಂದಳು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಭಾವ ಬಾಯಿ ಹಾಕಿದರು. ಆ ಕಾಲದಲ್ಲಿ ಅಕ್ಕಿಯನ್ನು ಊರಿಂದೂರಿಗೆ ಒಯ್ಯಲು ಕಟ್ಟುನಿಟ್ಟಿತ್ತು. ಹೊನ್ನಾವರದ ಹೊಳೆಗೆ ಇನ್ನೂ ಸೇತುವೆ ಇರಲಿಲ್ಲ. ಬಸ್ಸಿನಲ್ಲಿ ಕಾಸರಕೋಡಿನ ದೋಣಿ ನಿಲ್ಲುವ ಧಕ್ಕೆಗೆ ಬಂದು, ಇಳಿದು, ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕು. ಆ ಧಕ್ಕೆಯಲ್ಲೇ ತಪಾಸಣೆಯವರು ಕೂತು ಚೀಲ ಬಿಚ್ಚಿಸುತ್ತಾರೆ, ಸರಕಾರಿ ನೌಕರಿಯವಳು ನೀನು, ಸಿಕ್ಕಿಬಿದ್ದರೆ ಕೆಲಸವೇ ಹೋದೀತು ಎಂದು ಭಾವ ಎಚ್ಚರಿಸಿದರು. ಎಷ್ಟು ಅಕ್ಕಿ ಒಯ್ಯಬಹುದು, ಎಷ್ಟು ಒಯ್ಯಬಾರದು ಎಂದು ಅವರಿಗೂ ಗೊತ್ತಿರಲಿಲ್ಲ. ವಿಚಾರಿಸುವ ಬುದ್ಧಿ ನನಗೂ ಬರಲಿಲ್ಲ.

ಅದರ ಬದಲು ಬೇರೆ ಬುದ್ಧಿ ಬಂತು. ನಾವು ರಜೆಗೆಂದು ಹೊತ್ತು ತಂದಿದ್ದ ಹತ್ತಿಯ ಹಾಸಿಗೆಯ ಒಂದು ಬದಿಯ ಹೊಲಿಗೆ ಬಿಚ್ಚಿದೆ. ಅರ್ಧ ಹತ್ತಿ ತೆಗೆದು, ಹಳೆ ಸೀರೆಯಿಂದ ಉದ್ದುದ್ದ ಚೀಲ ಹೊಲಿದು, ಅಕ್ಕಿ ತುಂಬಿ, ಹತ್ತಿಯ ನಡುವೆ ಇಟ್ಟು ಮತ್ತೆ ಹೊಲಿದೆ. ಎರಡು ದಿನದ ಕೆಲಸ. ಅಕ್ಕ ನೋಡುತ್ತ ನಿಂತವಳು, ಇಷ್ಟೆಲ್ಲ ಯಾಕೆ, ಅರ್ಧ ಈಗ ಒಯ್ದು ಅರ್ಧ ಮತ್ತೆ ಒಯ್ಯಬಾರದೇ ಎಂದಳು. ಮತ್ತೊಂದು ಸಲ ಬಸ್ಸಿಗೆ ದುಡ್ಡು ಯಾರು ಕೊಡುತ್ತಾರೆ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಹೊರಡುವ ದಿನ ಮೊದಲ ಆತಂಕ ಬಸ್ಸಿನ ಬಾಗಿಲಲ್ಲೇ ಎದುರಾಯಿತು. ಕಂಡಕ್ಟರ್ ಸುರುಳಿ ಸುತ್ತಿದ ಹಾಸಿಗೆಯನ್ನು ಟಾಪಿಗೆ ಹಾಕಲೆಂದು ಎತ್ತಿದ, ಅದು ಮೇಲೇಳಲಿಲ್ಲ. ಇನ್ನೊಮ್ಮೆ ಎತ್ತಿದ. ಆಮೇಲೆ ನನ್ನನ್ನು ನೋಡಿದ.

"ಅಕ್ಕೋರೆ, ಇದರೊಳಗೆ ಎಂತ ಉಂಟು?"

"ಹಳೇ ಹತ್ತಿ," ಎಂದೆ. "ಹಳತಾದರೆ ಭಾರ."

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಟಾಪಿನಿಂದ ಎಸೆದರೆ ಹೊಲಿಗೆ ಬಿಚ್ಚೀತು ಎಂಬ ಭಯ. ಹಾಸಿಗೆ ಒಳಗೇ ಇರಲಿ, ಮಗಳಿಗೆ ಮೈ ಸರಿಯಿಲ್ಲ, ಮಲಗಿಸಬೇಕು ಎಂದುಬಿಟ್ಟೆ. ಕಂಡಕ್ಟರ್ ಕನಿಕರಪಟ್ಟು ಹಿಂದಿನ ಉದ್ದ ಸೀಟು ಬಿಡಿಸಿಕೊಟ್ಟ. ಸುಮತಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಂಡಿರು ಎಂದು ಕಿವಿಯಲ್ಲಿ ಹೇಳಿದೆ. ಆಯೀ, ಹಾಸಿಗೆ ಕಲ್ಲಿನ ಹಾಗಿದೆ ಎಂದು ಅವಳು ಗೊಣಗಿದ್ದನ್ನು ಕೇಳಿದವರು, ಪಾಪ, ಮೈಕೈ ನೋವಿರಬೇಕು ಎಂದುಕೊಂಡರು.

ಈಗ ಒಂದು ವಿಷಯ ಹೇಳಬೇಕು. ಹಿಂದಿನ ದಿನ ಸುಮತಿ ಅಕ್ಕನ ಮನೆಯ ಮಾವಿನ ಮರ ಹತ್ತಿ ಚಗಳಿ ಗೂಡಿಗೆ ಕೈ ಹಾಕಿದ್ದಳು. ಆ ಕೆಂಪಿರುವೆಗಳು ಅವಳ ಮುಖ, ಕೈ, ಕುತ್ತಿಗೆ ಒಂದನ್ನೂ ಬಿಟ್ಟಿರಲಿಲ್ಲ. ಕಚ್ಚಿದಲ್ಲೆಲ್ಲ ಕೆಂಪು ಗುಳ್ಳೆ ಎದ್ದಿತ್ತು. ಅಕ್ಕಿಯ ಚಿಂತೆಯಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಅದನ್ನು ಕಾಣದೆ ಇರಲಿಲ್ಲ. ತಿರುಗಿ ನೋಡಿದಳು, ಜ್ವರವೋ ಎಂದು ಕೇಳಿದಳು. ನಾನು ಹೌದೆಂದೆ. ಎಷ್ಟು ದಿನದಿಂದ ಎಂದಳು. ಮೂರು ದಿನ ಎಂದೆ. ಅವಳು ಇನ್ನೊಮ್ಮೆ ಆ ಗುಳ್ಳೆಗಳನ್ನು ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದುಹೋದಳು.

ಸಿಡುಬು ಎಂಬ ಮಾತು ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಜನ ಎಲ್ಲ ಡ್ರೈವರನ ಹತ್ತಿರ ಒತ್ತಿಕೊಂಡು ನಿಂತರು. ಹಿಂದಿನ ಅರ್ಧ ಬಸ್ಸಿನಲ್ಲಿ ನಾವಿಬ್ಬರೇ. ಡ್ರೈವರ್ ನಡುವೆ ಎಲ್ಲೂ ನಿಲ್ಲಿಸದೆ ಗಾಡಿ ಓಡಿಸಿದ. ಇಲ್ಲಪ್ಪ, ಇದು ಇರುವೆ ಕಚ್ಚಿದ್ದು ಎಂದು ಹೇಳಲು ನಾಲ್ಕು ಸಲ ಬಾಯಿ ತೆರೆದೆ. ಜ್ವರ ಸುಳ್ಳಾದರೆ ಹಾಸಿಗೆ ಯಾಕೆ ಒಳಗೆ ಎಂದು ಕೇಳುತ್ತಾರಲ್ಲ? ನಾಲ್ಕು ಸಲವೂ ಬಾಯಿ ಮುಚ್ಚಿದೆ.

ಧಕ್ಕೆ ಬಂತು. ಅಲ್ಲಿ ಮೇಜು ಹಾಕಿಕೊಂಡು ಅಕ್ಕಿ ತಪಾಸಣೆಯ ವಯಸ್ಸಾದ ಸಾಹೇಬರೊಬ್ಬರು, ಜೊತೆಗೆ ಇಬ್ಬರು ಸಿಪಾಯಿಗಳು ಕೂತಿದ್ದರು. ಜನ ಇಳಿದು ಓಡುವುದನ್ನು ಕಂಡು, ವಿಷಯ ತಿಳಿದು, ಸಿಪಾಯಿಗಳು ಮೇಜು ಸಮೇತ ಹಿಂದೆ ಸರಿದರು. ನಮ್ಮ ಹಾಸಿಗೆಯನ್ನು ಮುಟ್ಟುವುದಿರಲಿ, ಆ ದಿಕ್ಕಿಗೆ ಯಾರೂ ಉಸಿರಾಡಲೂ ಇಲ್ಲ. ನಿಜ ಹೇಳಬೇಕೆಂದರೆ, ಆಗ ನನಗೆ ಸಂತೋಷವಾಯಿತು. ಗೆದ್ದೆ ಎಂದುಕೊಂಡೆ. ಆ ಸಂತೋಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಯಾಕೆಂದರೆ ಅದೇ ಧಕ್ಕೆಯಲ್ಲಿ, ಹೋಗಿಬರುವ ಜನಕ್ಕೆ ದೇವಿ ಹಾಕಲೆಂದು ಸರಕಾರ ಒಬ್ಬ ತರುಣನನ್ನು ನೇಮಿಸಿತ್ತು. ಸಿಡುಬಿನ ಲಸಿಕೆಗೆ ನಮ್ಮಲ್ಲಿ ದೇವಿ ಹಾಕುವುದು ಎನ್ನುತ್ತಾರೆ. ಆತ ಕೆಲಸಕ್ಕೆ ಹೊಸಬ, ರೋಗವನ್ನು ಕಣ್ಣಾರೆ ಕಂಡವನಲ್ಲ. ಹತ್ತು ಮಾರು ದೂರದಲ್ಲಿ ನಿಂತು ಸುಮತಿಯನ್ನು ನೋಡಿದ, ಕೈಯಲ್ಲಿದ್ದ ಪುಸ್ತಕ ನೋಡಿದ, ಬಿಳಿಚಿಕೊಂಡ. ಮಗುವನ್ನು ಈಗಿಂದೀಗಲೇ ಬೇರೆ ದೋಣಿಯಲ್ಲಿ ಹೊನ್ನಾವರದ ದವಾಖಾನೆಗೆ ಸಾಗಿಸಬೇಕು, ತಾಯಿ ಜೊತೆಗೆ ಹೋಗುವಂತಿಲ್ಲ, ಮಲಗಿದ ಹಾಸಿಗೆಯನ್ನು ಇಲ್ಲೇ ಸುಡಬೇಕು ಎಂದ.

ಯಾರೋ ಒಣಗಿದ ತೆಂಗಿನ ಮಡಲು ತಂದರು. ಬೇರೆ ಯಾವ ಕೆಲಸಕ್ಕೂ ಮುಂದೆ ಬಾರದ ಜನ ಇದಕ್ಕೆ ಎಷ್ಟು ಬೇಗ ಕೂಡಿಕೊಂಡರು! ಉದ್ದ ಕೋಲಿನಿಂದ ಹಾಸಿಗೆಯನ್ನು ಮರಳಿನ ಮೇಲೆ ದೂಡಿಕೊಂಡು ಹೋದರು. ಮಳೆಗಾಲದ ಅನ್ನ ಅದು. ಅದು ಹೋದರೂ ಕೆಲಸ ಉಳಿಯುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಆದರೆ ದೋಣಿಯವನು ಬಂದುದನ್ನು ಕಂಡು ಸುಮತಿ ಹೆದರಿ ನನ್ನ ಸೀರೆಯ ನೆರಿಗೆ ಎರಡು ಕೈಯಲ್ಲೂ ಹಿಡಿದಾಗ, ನನ್ನ ಲೆಕ್ಕವೆಲ್ಲ ಮರೆತುಹೋಯಿತು.

"ಅವಳಿಗೆ ಎಂತದೂ ಆಗಲಿಲ್ಲ," ಎಂದು ಕೂಗಿದೆ. "ನಾನು ಹೇಳಿದ್ದೆಲ್ಲ ಸುಳ್ಳು. ಅದು ಚಗಳಿ ಕಚ್ಚಿದ್ದು. ಆ ಹಾಸಿಗೆಯಲ್ಲಿ ಅಕ್ಕಿ ಉಂಟು, ನಾನು ಕದ್ದು ಒಯ್ಯುತ್ತಿದ್ದೆ."

ಜೀವಮಾನದಲ್ಲೇ ಅಷ್ಟು ಕಷ್ಟಪಟ್ಟು ನಿಜ ಹೇಳಿದ್ದೆ. ಯಾರೂ ನಂಬಲಿಲ್ಲ. ಪಾಪ, ಮಗುವನ್ನು ಬಿಡಲಾರದೆ ಏನೇನೋ ಹೇಳುತ್ತಾಳೆ ಎಂದರು. ಮುಂದಿನ ಸೀಟಿನ ಆ ಹೆಂಗಸಂತೂ, ಮೂರು ದಿನದ ಜ್ವರ ಎಂದು ಇವಳೇ ನನಗೆ ಹೇಳಿದ್ದು ಎಂದು ಸಾಕ್ಷಿ ನುಡಿದಳು. ಮಡಲಿಗೆ ಬೆಂಕಿ ಹತ್ತಿತು.

ಆಗ ಗಾಳಿ ನಮ್ಮ ಕಡೆ ಬೀಸಿತು. ಮೊದಲು ಸುಟ್ಟ ಬಟ್ಟೆಯ ವಾಸನೆ, ಆಮೇಲೆ ಅದರ ನಡುವಿನಿಂದ ಘಮಘಮ ಎಂದು ಹುರಿದಕ್ಕಿಯ ವಾಸನೆ. ಜನ ಮೂಗಿನಿಂದ ಬಟ್ಟೆ ತೆಗೆದರು. ನಾಲ್ಕು ಕಾಳು ಚಟಚಟ ಸಿಡಿದವು. ಎಲ್ಲರೂ ನಾನು ನಿಂತಿದ್ದ ಕಡೆ ನೋಡಿದರು, ಆದರೆ ನಾನು ಅಲ್ಲಿರಲಿಲ್ಲ. ಬೆಂಕಿಗೆ ಕೈ ಹಾಕಿ ಹಾಸಿಗೆ ಎಳೆಯುತ್ತಿದ್ದೆ. ಬಲಗೈ ಅಂಗೈ ಸುಟ್ಟದ್ದು ಆಗ ತಿಳಿಯಲೇ ಇಲ್ಲ. ಒಳ್ಳೆಯ ಮನಸ್ಸಿನ ಯಾರೋ ಓಡಿಬಂದು ಹೊಳೆಯ ನೀರು ಸುರಿದರು. ಧಕ್ಕೆಯ ಹತ್ತಿರ ಹೊಳೆಯ ನೀರು ಉಪ್ಪು. ಹೀಗೆ ಅಕ್ಕಿ ಒಂದು ಬದಿಯಲ್ಲಿ ಸುಟ್ಟು, ಇನ್ನೊಂದು ಬದಿಯಲ್ಲಿ ಉಪ್ಪು ನೀರಲ್ಲಿ ನೆಂದಿತು.

ವಯಸ್ಸಾದ ಸಾಹೇಬರು ಎದ್ದು ಬಂದರು. ಮೊದಲು ಸುಮತಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಚಗಳಿಯೇ, ನಮ್ಮ ಮನೆ ಗೇರುಮರದಲ್ಲೂ ಉಂಟು ಎಂದರು. ಆಮೇಲೆ ಹಾಸಿಗೆಯ ಸೀಳಿನಲ್ಲಿ ಕೈ ಹಾಕಿ ಒಂದು ಹಿಡಿ ಅಕ್ಕಿ ತೆಗೆದರು. ಕೆಲಸ ಹೋಯಿತು, ಇನ್ನು ಜೈಲು ಎಂದು ನಾನು ಸುಮತಿಯ ಕೈ ಗಟ್ಟಿಯಾಗಿ ಹಿಡಿದು ನಿಂತೆ.

"ಎಷ್ಟು ಇತ್ತು?"

"ಇಪ್ಪತ್ತು ಸೇರು."

"ಮನೆ ಖರ್ಚಿಗೆ ಅಂತ ತಲೆಗಿಷ್ಟು ಬಿಡ್ತೇವೆ, ಅಕ್ಕೋರೆ. ನಿಮ್ಮಿಬ್ಬರಿಗೆ ಇದರಲ್ಲಿ ಅರ್ಧ ಬರ್ತಿತ್ತು. ಕೇಳಿದ್ದರೆ ಚೀಟಿ ಬರೆದು ಕೊಡ್ತಿದ್ದೆ."

ಸಿಪಾಯಿಗಳು ಸುಟ್ಟದ್ದನ್ನು ಬೇರೆ ಮಾಡಿ ಉಳಿದದ್ದನ್ನು ಅಳೆದರು. ಹತ್ತು ಸೇರಿಗೆ ಸ್ವಲ್ಪ ಕಡಿಮೆ. ಹೆಚ್ಚಿನದೆಲ್ಲ ಬೆಂಕಿಗೆ ಹೋಗಿತ್ತು. ಸಾಹೇಬರು, ಹಾಗಾದರೆ ಇದರಲ್ಲಿ ಕೇಸು ಮಾಡುವಂಥದ್ದು ಏನೂ ಇಲ್ಲ ಎಂದು ಹೇಳಿ ಒಂದು ಖಾಲಿ ಗೋಣಿ ಕೊಡಿಸಿದರು. ಸುಮತಿ ಅವರಿಗೆ ನಮಸ್ಕಾರ ಮಾಡಿದಳು.

ದೇವಿ ಹಾಕುವ ತರುಣನಿಗೆ ಬಹಳ ಅವಮಾನವಾಗಿತ್ತು. ಬಂದ ಜನವನ್ನು ಬರಿಗೈಯಲ್ಲಿ ಕಳಿಸಬಾರದೆಂದು ಇಡೀ ಬಸ್ಸಿಗೆ ಲಸಿಕೆ ಹಾಕಿದ. ಎಲ್ಲರೂ ನನ್ನನ್ನು ದುರುದುರು ನೋಡುತ್ತ ತೋಳು ಚಾಚಿದರು. ಮೊದಲ ತೋಳು ನನ್ನದು.

ಆ ತೋಳು ಎಡದ್ದು. ಮರುದಿನವೇ ಅದು ಬಾತುಕೊಂಡಿತು. ಬಲಗೈಗೆ ಆಗಲೇ ಪಟ್ಟಿ. ನೆಂದ ಅಕ್ಕಿ ಹಾಳಾಗುವ ಮೊದಲು ರುಬ್ಬಬೇಕಲ್ಲ, ಶಾಂತಾಬಾಯಿಯವರೇ ಬಂದು ರುಬ್ಬಿಕೊಟ್ಟರು. ರುಬ್ಬಿದವರನ್ನು ಹಾಗೇ ಕಳಿಸಲಾಗುತ್ತದೆಯೇ? ಅವರ ಮನೆಯ ಆರು ಜನರೂ ನಮ್ಮ ಜೊತೆ ದೋಸೆ ತಿಂದರು. ಉಪ್ಪು ಹಾಕುವ ಖರ್ಚು ಉಳಿಯಿತು. ನಡುನಡುವೆ ಹಲ್ಲಿಗೆ ಹತ್ತಿ ಸಿಗುತ್ತಿತ್ತು. ಸುಮತಿ ಆ ವಾರ ಮೂರೂ ಹೊತ್ತು ಹೊಟ್ಟೆ ತುಂಬ ತಿಂದಳು, ಇನ್ನೊಂದು ಬೇಕು ಎಂದು ಬಾಯಿಬಿಟ್ಟು ಕೇಳಿದಳು. ಆ ಮಾತು ಕೇಳಿ ಕೈ ನೋವು ಸ್ವಲ್ಪ ಮರೆತಂತಾಯಿತು.

ಆದರೆ ಸುದ್ದಿ ನಮಗಿಂತ ಮೊದಲು ಕುಮಟೆ ಸೇರಿತ್ತು, ಅದೂ ಅರ್ಧವೇ. ಅಕ್ಕೋರ ಮಗಳಿಗೆ ಸಿಡುಬು, ಧಕ್ಕೆಯಲ್ಲಿ ಹಾಸಿಗೆ ಸುಟ್ಟರು ಎಂಬಲ್ಲಿಗೆ ಅದು ನಿಂತಿತ್ತು. ಶಾಲೆ ಶುರುವಾಗುವ ದಿನ ಹೆಡ್‌ಮಾಸ್ತರರು ಜವಾನನ ಕೈಲಿ, ತಾವು ಸದ್ಯಕ್ಕೆ ಬರಬಾರದು, ಸಂಬಳವಿಲ್ಲದ ರಜೆಗೆ ಅರ್ಜಿ ಕಳಿಸಿ ಎಂದು ಹೇಳಿಕಳಿಸಿದರು. ಜವಾನ ಅದನ್ನು ಬೇಲಿಯ ಆಚೆಯಿಂದಲೇ ಕೂಗಿ ಹೋದ. ಆ ರಜೆಯಲ್ಲಿ ಕಳೆದುಕೊಂಡ ಸಂಬಳಕ್ಕೆ ಪೇಟೆಯ ದುಬಾರಿ ದರದಲ್ಲೇ ಇಪ್ಪತ್ತೈದು ಸೇರು ಅಕ್ಕಿ ಬರುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಹಾಸಿಗೆ ಬೇರೆ.

ಹದಿನೈದು ದಿನವಾದರೂ ಕರೆ ಬರಲಿಲ್ಲ, ನಾನೇ ಅರ್ಜಿ ಹಾಕಬೇಕಾಯಿತು. ಪೆನ್ನು ಹಿಡಿಯಲು ನನಗೆ ಕೈಯಿಲ್ಲ. ಮೂರನೇ ಇಯತ್ತೆಯಲ್ಲಿ ಓದುವ ಸುಮತಿಯನ್ನು ಕೂರಿಸಿ, ಘನವಾದ ಭಾಷೆಯಲ್ಲಿ ಅರ್ಜಿ ಹೇಳಿ ಬರೆಸಿದೆ. ಸದರಿ ಬಾಲಕಿಗೆ ಯಾವುದೇ ಸಾಂಕ್ರಾಮಿಕ ರೋಗವಿರುವುದಿಲ್ಲವೆಂದೂ, ಅರ್ಜಿದಾರಳು ತಪ್ಪು ತಿಳಿವಳಿಕೆಗೆ ಬಲಿಯಾಗಿರುವಳೆಂದೂ, ಕರ್ತವ್ಯಕ್ಕೆ ಹಾಜರಾಗಲು ಅಪ್ಪಣೆಯಾಗಬೇಕೆಂದೂ. ಅವಳು ನಾಲಿಗೆ ಹೊರಹಾಕಿ ಶ್ರದ್ಧೆಯಿಂದ ಬರೆದಳು. ನಾನು ಓದಿ ನೋಡದೆ ಶಾಂತಾಬಾಯಿಯವರ ಕೈಲಿ ಕಳಿಸಿದೆ.

ಸಂಜೆ ಅರ್ಜಿ ವಾಪಸು ಬಂತು. ನಾನು ಹೇಳಿದ್ದೆಲ್ಲದರ ಕೆಳಗೆ ಸುಮತಿ ತಾನಾಗಿ ಒಂದು ಸಾಲು ಸೇರಿಸಿದ್ದಳು: "ಆಯಿ ಸುಳ್ಳು ಹೇಳಿದ್ದು ನನ್ನ ಊಟದ ಸಲುವಾಗಿ, ಇನ್ನು ಹೇಳುವುದಿಲ್ಲ." ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ, ನಾನು ಹೇಳಿ ಬರೆಸಿದ ಭಾಗದಲ್ಲಿ ಏಳು ತಪ್ಪು ತಿದ್ದಿದ್ದರು. ಕೊನೆಯ ಸಾಲಿನ ಪಕ್ಕ ಮಾತ್ರ "ಸರಿ" ಎಂದು ಬರೆದು, ನಾಳೆಯಿಂದ ಬನ್ನಿ ಎಂದು ಸಹಿ ಹಾಕಿದ್ದರು.